ಚೆನ್ನಾಗಿದೆ, ಓದಿ

ಗ್ರಂಥಾಲಯದ ಹಳೆಯ ಕಾದಂಬರಿ ಕೈಗೆ ಬಂದರೆ ನಾನು ಮೊದಲು ತೆರೆಯುವುದು ಕೊನೆಯ ಪುಟವನ್ನು. ಕಥೆ ಹೇಗೆ ಮುಗಿಯುತ್ತದೆ ಎಂದು ತಿಳಿಯುವ ಆತುರಕ್ಕಲ್ಲ. ನನಗಿಂತ ಮುಂಚೆ ಓದಿದವರು ಪೆನ್ಸಿಲಿನಲ್ಲಿ ಬರೆದಿಟ್ಟ ಅಭಿಪ್ರಾಯಗಳನ್ನು ನೋಡುವುದಕ್ಕೆ. 'ತುಂಬಾ ಚೆನ್ನಾಗಿದೆ' ಎಂದು ಒಬ್ಬರು ಬರೆದಿರುತ್ತಾರೆ. ಅದರ ಕೆಳಗೆ ಬೇರೆ ಕೈಬರಹದಲ್ಲಿ 'ಸಮಯ ದಂಡ.' ಅದರ ಕೆಳಗೆ ಮತ್ತೊಬ್ಬರು, 'ನಿಮಗೆ ಅರ್ಥವಾಗಿಲ್ಲ ಅಷ್ಟೇ.' ಯಾರೋ ಪುಣ್ಯಾತ್ಗಿತ್ತಿ ಮೊದಲ ಪುಟದಲ್ಲೇ 'ಕೊನೆಗೆ ನಾಯಕಿ ಸಾಯುತ್ತಾಳೆ' ಎಂದು ಬರೆದು ಎಲ್ಲರಿಗೂ ಉಪಕಾರ ಮಾಡಿರುತ್ತಾಳೆ. ಪುಸ್ತಕದಲ್ಲಿ ಗೀಚಬೇಡಿ ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಂಡು ಬಂದ ನಾನು ಇದನ್ನು ಒಪ್ಪಬಾರದು. ಆದರೂ ಆ ಗೀಚುಗಳನ್ನು ಕಂಡರೆ ನನಗೇನೋ ಸಂತೋಷ. ಓದಿದ್ದನ್ನು ಯಾರ ಹತ್ತಿರವಾದರೂ ಹೇಳಿಕೊಳ್ಳದಿದ್ದರೆ ಮನುಷ್ಯರಿಗೆ ತಡೆಯುವುದಿಲ್ಲ ನೋಡಿ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಬೀದಿಯ ಹೆಂಗಸರು 'ಸುಧಾ', 'ತರಂಗ'ಗಳ ಧಾರಾವಾಹಿಯ ಹಾಳೆಗಳನ್ನು ಕಿತ್ತು, ಜೋಡಿಸಿ, ದಬ್ಬಳದಲ್ಲಿ ಹೊಲಿದು ಇಟ್ಟುಕೊಳ್ಳುತ್ತಿದ್ದರು. ಆ ಹೊಲಿದ ಪುಸ್ತಕ ಉಪ್ಪಿನಕಾಯಿ ಬಟ್ಟಲಿನ ಹಾಗೆ ಮನೆಯಿಂದ ಮನೆಗೆ ಹೋಗುತ್ತಿತ್ತು. ಅದರ ಜೊತೆಯಲ್ಲೇ ಒಂದು ಮಾತೂ ಹೋಗುತ್ತಿತ್ತು: "ಚೆನ್ನಾಗಿದೆ ಕಣ್ರೀ, ಓದಿ." ಎಷ್ಟು ಹಗುರವಾದ ಮಾತು! ಕಾಫಿ ಪುಡಿಯ ಬಗ್ಗೆ, ಸೀರೆ ಅಂಗಡಿಯ ಬಗ್ಗೆ ಹೇಳುವ ಹಾಗೆಯೇ ಹೇಳುತ್ತೇವೆ. ಈ ಮಾತನ್ನು ಆಡುವಾಗ ನಾವು ಏನಾದರೂ ಹೊಣೆ ಹೊರುತ್ತೇವೆಯೇ? ನನಗೆ ಈ ಪ್ರಶ್ನೆ ಹುಟ್ಟಿದ್ದು ಪುಸ್ತಕದಿಂದಲ್ಲ, ನಾನೇ ಮಾಡಿದ ಒಂದು ತಪ್ಪಿನಿಂದ. ಅದನ್ನು ಹೇಳಿಬಿಡುತ್ತೇನೆ.

1998ರ ಮಾತು. ನಾನಾಗ ಅರಸೀಕೆರೆಯಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಮಹಡಿಯ ಮೇಲೆ ನಾನು, ಕೆಳಗೆ ಒಂದು ಕೂಡು ಕುಟುಂಬ. ಆ ಮನೆಯ ಸೊಸೆ ಚೊಚ್ಚಲ ಬಾಣಂತನ ಮುಗಿಸಿಕೊಂಡು ತವರಿನಿಂದ ಬಂದಿದ್ದಳು. ಹೋಗುವಾಗ ಕಲಕಲ ಎಂದು ನಗುತ್ತಿದ್ದ ಹುಡುಗಿ, ಬರುವಾಗ ಬೇರೆಯೇ ಆಗಿದ್ದಳು. ಮಗು ಅತ್ತರೆ ಎತ್ತಿಕೊಳ್ಳುತ್ತಿದ್ದಳು, ಹಾಲು ಕುಡಿಸುತ್ತಿದ್ದಳು, ಆದರೆ ಮುಖದಲ್ಲಿ ಬೆಳಕಿರಲಿಲ್ಲ. ಹಿತ್ತಲ ಕಲ್ಲಿನ ಮೇಲೆ ಸುಮ್ಮನೆ ಕೂತಿರುತ್ತಿದ್ದಳು. ಮನೆಯ ಹಿರಿಯರು 'ಸನ್ನಿ' ಎಂಬ ಮಾತನ್ನು ತಗ್ಗಿದ ದನಿಯಲ್ಲಿ ಆಡುವುದು ಒಂದೆರಡು ಸಲ ನನ್ನ ಕಿವಿಗೂ ಬಿದ್ದಿತ್ತು. ಹೆರಿಗೆಯ ನಂತರ ಕೆಲವು ತಾಯಂದಿರಿಗೆ ಬರುವ ಖಿನ್ನತೆ ಒಂದು ಕಾಯಿಲೆ, ಅದು ಗುಣವಾಗುವಂಥದು ಎಂದು ಈಗ ಎಷ್ಟೋ ಜನರಿಗೆ ಗೊತ್ತು. ಆಗ ನಮ್ಮ ಬೀದಿಯಲ್ಲಿ ಯಾರೂ ಹಾಗೆ ಹೇಳಲಿಲ್ಲ. ಬಿಎ, ಬಿಎಡ್ ಮಾಡಿದ್ದ ನಾನೂ ಹೇಳಲಿಲ್ಲ.

ಒಂದು ಸಂಜೆ ಅವಳು ಮೆಟ್ಟಿಲು ಹತ್ತಿ ಬಂದಳು. "ಅಕ್ಕಾ, ಓದೋಕೆ ಏನಾದ್ರೂ ಕೊಡಿ. ಮನಸ್ಸು ಒಂದು ಕಡೆ ನಿಲ್ತಾ ಇಲ್ಲ" ಎಂದಳು. ನಾನು ಅಂದೇ ಗ್ರಂಥಾಲಯದಿಂದ ತ್ರಿವೇಣಿಯವರ 'ಶರಪಂಜರ' ತಂದಿದ್ದೆ. ಇನ್ನೂ ತೆರೆದಿರಲಿಲ್ಲ. ಪುಟ್ಟಣ್ಣ ಕಣಗಾಲರು ಅದನ್ನು 1971ರಲ್ಲಿ ಸಿನಿಮಾ ಮಾಡಿದ್ದರು, ಕಲ್ಪನಾ ಅದರಲ್ಲಿ ಅದ್ಭುತವಾಗಿ ಅಭಿನಯಿಸಿದ್ದರು ಎಂದು ಎಲ್ಲರೂ ಹೇಳುವುದನ್ನು ಕೇಳಿದ್ದೆ. ರೇಡಿಯೋದಲ್ಲಿ ಹಾಡು ಕೇಳಿದ್ದೆ. ನನಗೆ ಗೊತ್ತಿದ್ದದ್ದು ಅಷ್ಟೇ. ಪುಸ್ತಕವನ್ನು ಅವಳ ಕೈಗೆ ಕೊಟ್ಟೆ.

"ಚೆನ್ನಾಗಿದೆಯಾ ಅಕ್ಕ? ನೀವು ಓದಿದೀರಾ?"

ನಾನು ಶಾಲೆಯಲ್ಲಿ ಕನ್ನಡ ಪಾಠ ಮಾಡುವವಳು. ತ್ರಿವೇಣಿಯವರ ಹೆಸರಾದ ಕಾದಂಬರಿಯನ್ನು ಓದಿಲ್ಲ ಎಂದು ಹೇಗೆ ಹೇಳುವುದು? "ಓ, ತುಂಬಾ ಚೆನ್ನಾಗಿದೆ, ಓದು" ಎಂದೆ.

ಆ ಕಾದಂಬರಿಯನ್ನು ಓದಿದ ನಿಮಗೆ ಈಗಾಗಲೇ ಎದೆ ಝಲ್ಲೆಂದಿರಬೇಕು. ಓದದವರಿಗಾಗಿ ಹೇಳುತ್ತೇನೆ. ಅದರ ನಾಯಕಿ ಕಾವೇರಿ ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಒಳಗಾಗುತ್ತಾಳೆ. ಆಸ್ಪತ್ರೆಯಲ್ಲಿ ಗುಣಪಡಿಸಿಕೊಂಡು ಮನೆಗೆ ಬರುತ್ತಾಳೆ. ಕಾಯಿಲೆ ಅವಳನ್ನು ಬಿಟ್ಟರೂ ಜನ ಬಿಡುವುದಿಲ್ಲ. ನಕ್ಕರೂ ಹುಚ್ಚು, ಅತ್ತರೂ ಹುಚ್ಚು. ಗಂಡನೂ ದೂರವಾಗುತ್ತಾನೆ. ಗುಣವಾಗಿ ಬಂದವಳನ್ನು ಸುತ್ತಲಿನವರೇ ಮತ್ತೆ ಕಾಯಿಲೆಗೆ ನೂಕುತ್ತಾರೆ. ಮನಃಶಾಸ್ತ್ರ ಓದಿದ್ದ ತ್ರಿವೇಣಿಯವರು ಹೆಣ್ಣಿನ ಮನಸ್ಸಿನ ಈ ಸಂಕಟವನ್ನು ಅಂಥ ಧೈರ್ಯದಿಂದ ಬರೆದರು. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ, ಅವರು ತೀರಿಕೊಂಡರು. ಆ ಪುಸ್ತಕವನ್ನು ನಾನು ಯಾರ ಕೈಗೆ ಕೊಟ್ಟೆ ನೋಡಿ!

ನಾಲ್ಕು ದಿನ ಕಳೆದು ಅವಳು ಪುಸ್ತಕವನ್ನು ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ ತಂದುಕೊಟ್ಟಳು. ಬಾಗಿಲಲ್ಲೇ ನಿಂತು, "ಅಕ್ಕಾ, ಇದನ್ನ ನನಗೇ ಅಂತ ಹುಡುಕಿ ಕೊಟ್ರಾ?" ಎಂದಳು.

"ಹೂಂ ಮತ್ತೆ, ನಿನಗೇ ಅಂತ!" ಎಂದೆ, ನಗುನಗುತ್ತಾ.

ಅವಳು ಏನೂ ಹೇಳದೆ ಇಳಿದು ಹೋದಳು. ಆ ರಾತ್ರಿ ಪುಸ್ತಕ ತೆರೆದೆ. ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ಕೈಕಾಲು ತಣ್ಣಗಾಗಿತ್ತು. ಬೆಳಗಾದ ಮೇಲೆ ಕೆಳಗೆ ಹೋಗಿ, 'ನಾನು ಓದದೆ ಕೊಟ್ಟೆ ಕಣೇ, ಸುಳ್ಳು ಹೇಳಿದೆ' ಎಂದು ಒಪ್ಪಿಕೊಳ್ಳಬೇಕಿತ್ತು. ಹೋಗಲಿಲ್ಲ. ಅತ್ತೆ ಇದ್ದಾರೆ, ನಾಳೆ ಹೋಗೋಣ ಎಂದುಕೊಂಡೆ. ನಾಳೆ ಪರೀಕ್ಷೆಯ ಪತ್ರಿಕೆಗಳು ಬಂದವು. ಕೆಲವು ತಿಂಗಳಲ್ಲಿ ಅವಳ ಗಂಡನಿಗೆ ಬೇರೆ ಊರಿಗೆ ವರ್ಗವಾಯಿತು. ಅಲ್ಲಿಗೆ ನನ್ನ 'ನಾಳೆ'ಗಳೂ ಮುಗಿದವು.

ಇದಾದ ಮೇಲೆ ನಾನು ಇನ್ನೊಂದು ತುದಿಗೆ ಹೋದೆ. ಪುಸ್ತಕ ಕೊಡುವುದೆಂದರೆ ಔಷಧ ಕೊಟ್ಟ ಹಾಗೆ, ಯಾರಿಗೆ ಯಾವುದು ಒಗ್ಗುತ್ತದೆ ಎಂದು ಅಳೆದು ತೂಗಿ ಕೊಡಬೇಕು ಎಂದು ತೀರ್ಮಾನಿಸಿದೆ. ಶಾಲೆಯ ಪುಸ್ತಕದ ಬೀರುವಿನ ಬೀಗದ ಕೈ ಬೇರೆ ನನ್ನ ಹತ್ತಿರವೇ ಇತ್ತು. ಒಮ್ಮೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಮನೆಗೆ ಬಂದು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕೇಳಿದಳು. 1976ರಲ್ಲಿ ಬಂದ ಈ ಕಾದಂಬರಿ ಬಾಲವಿಧವೆಯೊಬ್ಬಳ ದೀರ್ಘ ಬಾಳಿನ ಕಥೆ. ಪ್ರೇಮಾ ಕಾರಂತರು 1983ರಲ್ಲಿ ಇದನ್ನು ಸಿನಿಮಾ ಮಾಡಿದರು. ಈ ಸಲ ನಾನು ಪುಸ್ತಕವನ್ನು ಓದಿದ್ದೆ. ಅದರಲ್ಲಿನ ಹೆರಿಗೆ, ಮಡಿ, ಕೇಶಮುಂಡನದ ವಿವರಗಳೆಲ್ಲ ನೆನಪಾಗಿ, "ಈಗಲೇ ಬೇಡಮ್ಮ, ಇನ್ನೂ ಸ್ವಲ್ಪ ದೊಡ್ಡವಳಾಗು" ಎಂದು ಕಳಿಸಿಬಿಟ್ಟೆ.

ನಡುಮನೆಯಲ್ಲಿ ಅವರೇಕಾಯಿ ಸುಲಿಯುತ್ತಿದ್ದ ನಮ್ಮಮ್ಮ ತಲೆಯೆತ್ತದೆ ಕೇಳಿದಳು, "ಆ ಹುಡುಗಿಗೆ ಎಷ್ಟು ವಯಸ್ಸು?"

"ಹದಿನೈದು."

"ನನಗೆ ಮದುವೆ ಮಾಡಿದಾಗಲೂ ಹದಿನೈದೇ. ಆಗ ಯಾರೂ ಇನ್ನೂ ಸ್ವಲ್ಪ ದೊಡ್ಡವಳಾಗು ಅನ್ನಲಿಲ್ಲ."

ಅಮ್ಮ ಓದಿದ್ದು ನಾಲ್ಕನೆಯ ಇಯತ್ತೆ. ಒಂದು ಕಾದಂಬರಿ ಮುಗಿಸಲು ಅವಳಿಗೆ ಎರಡು ತಿಂಗಳು ಬೇಕಾಗುತ್ತಿತ್ತು. ಆದರೆ ಬದುಕು ಹೆಣ್ಣುಮಕ್ಕಳ ವಯಸ್ಸು ಕೇಳಿಕೊಂಡು ಬರುವುದಿಲ್ಲ, ಪುಸ್ತಕಕ್ಕೆ ಮಾತ್ರ ಯಾಕೆ ಬೀಗ ಎಂದು ಅವಳು ಒಂದೇ ಮಾತಿನಲ್ಲಿ ಕೇಳಿಬಿಟ್ಟಿದ್ದಳು. ನನಗೆ ಉತ್ತರ ತೋಚಲಿಲ್ಲ. ಒಬ್ಬಳಿಗೆ ಯೋಚಿಸದೆ ಕೊಟ್ಟು ನೋಯಿಸಿದೆ, ಇನ್ನೊಬ್ಬಳಿಗೆ ಯೋಚಿಸಿ ಯೋಚಿಸಿ ಕೊಡದೇ ಹೋದೆ. ಹಾಗಾದರೆ ಸರಿ ಯಾವುದು?

ಬಹಳ ವರ್ಷ ಈ ಗಂಟು ಬಿಡಿಸಲಾಗಲಿಲ್ಲ. ಬಿಡಿಸಿದವಳು ಅವಳೇ. 2016ರಲ್ಲಿ ತುಮಕೂರಿನ ಒಂದು ಮದುವೆ ಛತ್ರದಲ್ಲಿ, ಊಟದ ಪಂಕ್ತಿಗೆ ಕಾಯುತ್ತಾ ನಿಂತಾಗ, "ಅಕ್ಕಾ, ಗುರುತು ಸಿಕ್ತಾ?" ಎಂದು ಯಾರೋ ಕೈಹಿಡಿದರು. ಕೂದಲು ಅಲ್ಲಲ್ಲಿ ನೆರೆತಿತ್ತು, ಆದರೆ ಹಳೆಯ ನಗು ತಿರುಗಿ ಬಂದಿತ್ತು. ಮಗಳು ಇಂಜಿನಿಯರಿಂಗ್ ಓದುತ್ತಿದ್ದಾಳೆ ಎಂದಳು. ನನಗೆ ಆ ನಗುವನ್ನು ನೋಡುತ್ತಾ ನಿಲ್ಲಲಾಗಲಿಲ್ಲ. ಹದಿನೆಂಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಅಲ್ಲೇ, ಆ ಗದ್ದಲದಲ್ಲೇ ಹೇಳಿಬಿಟ್ಟೆ. ಓದದೆ ಕೊಟ್ಟಿದ್ದೆ, ಸುಳ್ಳು ಹೇಳಿದ್ದೆ, ಕ್ಷಮಿಸು ಎಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಮನೆಯಲ್ಲಿ ಎಲ್ಲರೂ ನನ್ನ ಬಗ್ಗೆ ಏನು ಅಂದ್ಕೊಂಡಿದ್ರೋ ನೀವೂ ಅದನ್ನೇ ಅಂದ್ಕೊಂಡಿದೀರಿ ಅಂತ ಆಗ ಸಂಕಟ ಆಯ್ತು ಅಕ್ಕ, ಸುಳ್ಳು ಯಾಕೆ ಹೇಳಲಿ. ಆದರೆ ಪುಸ್ತಕ ಕೆಟ್ಟದ್ದಲ್ಲ. ಇದು ಕಾಯಿಲೆ, ನಾನು ಕೆಟ್ಟ ತಾಯಿ ಅಲ್ಲ ಅಂತ ನನಗೆ ಮೊದಲು ಹೇಳಿದ್ದೇ ಆ ಪುಸ್ತಕ. ಆಮೇಲೆ ನಾನೇ ಹಠ ಮಾಡಿ ಡಾಕ್ಟರ ಹತ್ತಿರ ಹೋದೆ."

ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಅವಳು ಮುಂದುವರಿಸಿದಳು: "ಆದರೆ ಒಂದು ಮಾತು. ನೀವು ಓದಿದೀನಿ ಅಂದಿದ್ರಲ್ಲ, ಅದಕ್ಕೆ ಮೇಲಿಂದ ಇಳಿದು ಬಂದು ಆ ಕಾವೇರಿ ವಿಷಯ ನನ್ನ ಹತ್ರ ಮಾತಾಡ್ತೀರಿ ಅಂತ ನಾಲ್ಕು ದಿನ ಕಾದೆ. ನೀವು ಬರಲಿಲ್ಲ."

ಅಂದು ಬಡಿಸಿದ ಊಟದಲ್ಲಿ ಏನೇನಿತ್ತೆಂದು ನನಗೆ ನೆನಪಿಲ್ಲ.

ನಾನು ಇಷ್ಟು ವರ್ಷ ತಪ್ಪನ್ನು ತಪ್ಪಾದ ಜಾಗದಲ್ಲಿ ಹುಡುಕುತ್ತಿದ್ದೆ. ಸಂಕಟದಲ್ಲಿರುವವಳಿಗೆ ಸಂಕಟದ ಕಥೆ ಕೊಟ್ಟದ್ದೇ ತಪ್ಪು ಎಂದುಕೊಂಡು ಬೀರುವಿಗೆ ಬೀಗ ಹಾಕಿದೆ. ಅವಳನ್ನು ಹೆಚ್ಚು ನೋಯಿಸಿದ್ದು ಪುಸ್ತಕವಲ್ಲ, ಅದನ್ನು ಅವಳು ಒಬ್ಬಳೇ ಓದಬೇಕಾಗಿ ಬಂದದ್ದು. 'ನಾನು ಓದಿದ್ದೇನೆ, ನೀನೂ ಓದು' ಎಂದರೆ ಏನರ್ಥ? 'ಈ ದಾರಿಯಲ್ಲಿ ನಾನು ನಡೆದು ಬಂದಿದ್ದೇನೆ, ಎಲ್ಲಿ ಮುಳ್ಳಿದೆ ಎಂದು ನನಗೆ ಗೊತ್ತು, ನೀನು ಎಲ್ಲಾದರೂ ಎಡವಿದರೆ ಕೂಗು, ನಾನಿದ್ದೇನೆ' ಎಂದರ್ಥ. ಅದು ಅಭಿಪ್ರಾಯವಷ್ಟೇ ಅಲ್ಲ, ಒಂದು ಮಾತು ಕೊಟ್ಟ ಹಾಗೆ. ನಾನು ನಡೆಯದ ದಾರಿಗೆ ಅವಳನ್ನು ಕಳಿಸಿ ಮಾತು ತಪ್ಪಿದ್ದೆ.

ಗಳಗನಾಥರ ಕಥೆ ನಿಮಗೆ ಗೊತ್ತಿರಬಹುದು. ಅವರೂ ಶಾಲಾ ಮಾಸ್ತರರೇ. ಕನ್ನಡ ಓದುವವರೇ ಕಡಿಮೆಯಿದ್ದ ಕಾಲದಲ್ಲಿ, ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಓದುಗರ ಮನೆ ಬಾಗಿಲಿಗೆ ಮುಟ್ಟಿಸಿದವರು. ಅವರ ಹೆಗಲಿಗೆ ಪುಸ್ತಕದ ಭಾರ ಗೊತ್ತಿತ್ತು. ನಾವು ಬಾಯಲ್ಲಿ ಹೊರುವವರು, ನಮಗೆ ಭಾರ ಗೊತ್ತಾಗುವುದಿಲ್ಲ. ಅದಕ್ಕೇ ಓದದ ಪುಸ್ತಕವನ್ನೂ ಹೊಗಳುತ್ತೇವೆ, ಓದದ ಪುಸ್ತಕವನ್ನೂ ತೆಗಳುತ್ತೇವೆ.

2025ರ ಮೇ ತಿಂಗಳಲ್ಲಿ ನಮ್ಮ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಹನ್ನೆರಡು ಕಥೆಗಳು, ದೀಪಾ ಭಾಸ್ತಿ ಅವರ ಅನುವಾದ. ಕನ್ನಡಕ್ಕೆ ಈ ಗೌರವ ಅದೇ ಮೊದಲು. ಮರುವಾರ ನಮ್ಮ ಮಹಿಳಾ ಸಮಾಜದಲ್ಲಿ ಅದೇ ಮಾತು. ಒಬ್ಬರು ಅದ್ಭುತ ಎಂದರು, ಒಬ್ಬರು ಅಂಥಾದ್ದೇನಿದೆ ಎಂದರು, ದನಿ ಏರಿತು. ನಂತರ "ನೀವು ಕನ್ನಡ ಟೀಚರು, ನೀವು ಹೇಳಿ" ಎಂದು ಎಲ್ಲರೂ ನನ್ನ ಕಡೆ ತಿರುಗಿದರು. ಅರಸೀಕೆರೆಯ ಮಹಡಿ ಮೆಟ್ಟಿಲು ಕಣ್ಣ ಮುಂದೆ ಬಂತು.

"ನಾನು ಇನ್ನೂ ಓದಿಲ್ಲ" ಎಂದೆ.

ಒಂದು ಕ್ಷಣ ನಿಶ್ಶಬ್ದ. ಆಮೇಲೆ ಹೊಗಳಿದವರು ಮೆಲ್ಲಗೆ, "ನಾನೂ ಇಲ್ಲ" ಎಂದರು. ತೆಗಳಿದವರು ನಕ್ಕುಬಿಟ್ಟರು. ಕಾರ್ಯದರ್ಶಿಗಳು ಪುಸ್ತಕ ತರಿಸಿದರು. ಒಬ್ಬೊಬ್ಬರು ಒಂದೊಂದು ಕಥೆ ಓದಿಕೊಂಡು ಬರುವುದು, ಚೆನ್ನಾಗಿದೆ ಚೆನ್ನಾಗಿಲ್ಲ ಎನ್ನುವ ಮೊದಲು ಕಥೆಯಲ್ಲಿ ಏನಿದೆ, ಓದುವಾಗ ತನಗೇನಾಯಿತು ಎಂದು ಹೇಳುವುದು ಎಂದು ಗೊತ್ತುಮಾಡಿಕೊಂಡೆವು. ಎಂದೂ ಬಾಯಿ ತೆರೆಯದ ಒಬ್ಬ ಹಿರಿಯ ಹೆಂಗಸು ಅಂದಿನಿಂದ ಮಾತಾಡುವುದಕ್ಕೆ ಶುರುಮಾಡಿದ್ದಾರೆ. ತೀರ್ಪು ಹೇಳಲು ಅವರಿಗೆ ಹೆದರಿಕೆಯಿತ್ತು, ತನಗೆ ಆದದ್ದನ್ನು ಹೇಳಲು ಹೆದರಿಕೆಯಿಲ್ಲ.

ಬೀರುವಿನ ಬೀಗದ ವಿಷಯ? 'ಫಣಿಯಮ್ಮ'ನನ್ನು ಈಗ ಕೇಳಿದವರಿಗೆ ಕೊಡುತ್ತೇನೆ. ಒಳಗೆ ಏನಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಓದುವುದು, ಅರ್ಧಕ್ಕೆ ಬಿಡುವುದು ಅವಳಿಗೆ ಬಿಟ್ಟದ್ದು. ಕೊಡುವಾಗ ಒಂದು ಮಾತು ಮಾತ್ರ ಸೇರಿಸುತ್ತೇನೆ, "ಮಧ್ಯೆ ಏನಾದರೂ ಅನ್ನಿಸಿದರೆ ಬಾ, ನಾನು ಓದಿದ್ದೇನೆ." ಬಂದರೆ ಕೂತು ಮಾತಾಡುತ್ತೇವೆ. ನಾಲ್ಕು ದಿನವಾದರೂ ಬರದಿದ್ದರೆ ನಾನೇ ಹೋಗುತ್ತೇನೆ.

ಈಗ ನೀವು ಹೇಳಿ. ನಿಮ್ಮ ದಿಂಬಿನ ಪಕ್ಕದಲ್ಲಿ, ಅಡುಗೆಮನೆಯ ಗೂಡಿನಲ್ಲಿ ಸದ್ಯಕ್ಕೆ ಯಾವ ಪುಸ್ತಕವಿದೆ? ನಿಮಗೆ ಅದನ್ನು ಕೊಟ್ಟವರು ಯಾರು? ಓದಿ ಮುಗಿಸಿದ ಮೇಲೆ ಒಂದು ಸಲ ಅವರ ಮನೆಗೆ ಹೋಗಿ ಬನ್ನಿ. ಅವರು ನಿಮಗಾಗಿ ಕಾಯುತ್ತಿರಬಹುದು.