ಎರಡು ಪ್ರಿನ್ಸಿಪಲ್ಲುಗಳ ವಿಷಯವು

ಇಂಗ್ಲಿಷ್ ಭಾಷೆಯಲ್ಲಿ ಪ್ರಿನ್ಸಿಪಲ್ ಎಂದು ಕೇಳಿಸುವ ಶಬ್ದಗಳು ಎರಡುಂಟು. ನಮ್ಮ ಲಿಪಿಯಲ್ಲಿ ಅವೆರಡನ್ನೂ ಒಂದೇ ಪ್ರಕಾರ ಬರೆಯುವದರಿಂದ ಭೇದವು ಕಾಣುವದಿಲ್ಲ. ಇಂಗ್ಲಿಷಿನಲ್ಲಾದರೋ ಒಂದರ ಕೊನೆಗೆ ಪಿ, ಎ, ಎಲ್ ಅಕ್ಷರಗಳೂ ಮತ್ತೊಂದರ ಕೊನೆಗೆ ಪಿ, ಎಲ್, ಇ ಅಕ್ಷರಗಳೂ ಇರುತ್ತವೆ. ಮೊದಲನೆಯದು ಬ್ಯಾಂಕಿನ ಕಾಗದದಲ್ಲಿ ಕಾಣುವ ಅಸಲು. (ಕಾಲೇಜಿನ ಮುಖ್ಯಸ್ಥರಿಗೂ ಇದೇ ಹೆಸರು, ಅವರ ಗೊಡವೆ ನಮಗೆ ಈಗ ಬೇಡ.) ಎರಡನೆಯದು ಮನುಷ್ಯನು ತನ್ನ ನಡತೆಗೆ ಆಧಾರವಾಗಿ ಇಟ್ಟುಕೊಳ್ಳುವ ತತ್ವ. ಎರಡೂ ‘ಮೊದಲು’ ಎಂಬರ್ಥವುಳ್ಳ ಒಂದೇ ಲ್ಯಾಟಿನ್ ಬೇರಿನಿಂದ ಹುಟ್ಟಿದವು. ಅಸಲು ಎಂಬ ನಮ್ಮ ಮಾತು ಸಹ ‘ಬೇರು’ ಎಂಬರ್ಥದ ಅರಬ್ಬಿ ಶಬ್ದದಿಂದ ಬಂದದ್ದೇ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಗಳಲ್ಲಿ ಮಳೆಯನ್ನು ನಂಬಿ ತೊಗರಿ ಜೋಳ ಬಿತ್ತುವವರಿಗೆ ಅಸಲು ಬಡ್ಡಿಗಳ ಲೆಕ್ಕವನ್ನು ಯಾರೂ ಕಲಿಸಬೇಕಾಗಿಲ್ಲ. ತತ್ವದ ಲೆಕ್ಕವೇ ಕಠಿಣ. ಒಬ್ಬ ರೈತನು ನೆರೆಯ ವಿಧವೆಯಿಂದ ಬೀಜಕ್ಕಾಗಿ ಹತ್ತು ಸಾವಿರ ರೂಪಾಯಿ ಕೈಗಡ ತಂದನೆನ್ನೋಣ. ಒತ್ತೆಯಿಲ್ಲ, ಒಂದು ಚೀಟಿ ಮಾತ್ರ. ಇಂಥ ಸಾಲಕ್ಕೆ 1963ರ ಕಾಲಮಿತಿ ಕಾಯಿದೆಯ ಮೇರೆಗೆ ಸಾಧಾರಣವಾಗಿ ಮೂರು ವರುಷಗಳೊಳಗೆ ದಾವೆ ಹೂಡತಕ್ಕದ್ದು. ಆಕೆಯು ಸಂಕೋಚದಿಂದ ಕೇಳದೆ ಇದ್ದಳು, ಮುದ್ದತ್ತು ಮೀರಿತು. ಈಗ ಅವನು ಸಾಲದಿಂದ ಬಿಡುಗಡೆಯಾದನೋ? ಕಾಯಿದೆ ಸಹ ಹಾಗೆನ್ನುವದಿಲ್ಲ. ಅದು ದಾವೆಯ ಬಾಗಿಲನ್ನು ಮುಚ್ಚುತ್ತದೆ, ಸಾಲವನ್ನು ಅಳಿಸುವದಿಲ್ಲ. ತೀರಿಸುವೆನೆಂದು ಅವನು ಪುನಃ ಬರೆದು ರುಜು ಹಾಕಿದರೆ 1872ರ ಕರಾರು ಕಾಯಿದೆಯ 25ನೆಯ ಕಲಮು ಆ ಮಾತನ್ನು ಸಿಂಧುವೆಂದು ಎಣಿಸುತ್ತದೆ. ಹೀಗಿರಲಾಗಿ, ಕೋರ್ಟು ವಸೂಲು ಮಾಡಿಸಲಾರದ ಮೊದಲನೆಯ ಪ್ರಿನ್ಸಿಪಲನ್ನು ಆ ವಿಧವೆಗೆ ಕೊಡಿಸತಕ್ಕದ್ದು ಎರಡನೆಯದು ಒಂದೇ. ಬರ ಬಂದು ಕೊಡಲಾರದವನ ಮಾತು ಬೇರೆ. ಇದ್ದೂ ಕೊಡದವನ ವಿಷಯವಾಗಿ ನಾವು ಹೇಳುತ್ತೇವೆ.

ಸಾಲ ಕೊಡುವವನಿಗೂ ಈ ಪರೀಕ್ಷೆಯುಂಟು. 1956ರ ವರೆಗೆ ನಮ್ಮ ಜಿಲ್ಲೆಯು ಮುಂಬಯಿ ಸರಕಾರದ ಕೆಳಗಿತ್ತು. ಅಲ್ಲಿಯ ನ್ಯಾಯಾಲಯಗಳು ದಾಮದುಪ್ಪಟವೆಂಬ ಹಳೆಯ ಹಿಂದೂ ನಿಯಮವನ್ನು ನಡಿಸುತ್ತಿದ್ದವು. ಒಂದೇ ಸಲಕ್ಕೆ ವಸೂಲು ಮಾಡುವ ಬಡ್ಡಿಯು ಅಸಲನ್ನು ಮೀರಬಾರದು, ಅಂದರೆ ನೂರು ಕೊಟ್ಟವನು ಬಡ್ಡಿ ಸಹಿತ ಇನ್ನೂರಕ್ಕಿಂತ ಹೆಚ್ಚು ಕೇಳಕೂಡದು ಎಂಬದೇ ಆ ನಿಯಮ. ಆದರೆ ಸಾಲಗಾರನು ಹಿಂದುವಾಗಿದ್ದರೆ ಮಾತ್ರ ಅದರ ಆಶ್ರಯ; ಮುಸಲ್ಮಾನನಿಗೂ ಕ್ರೈಸ್ತನಿಗೂ ಅದು ದೊರೆಯುತ್ತಿದ್ದಿಲ್ಲ. ಕಾಯಿದೆಯನ್ನಷ್ಟೇ ನೋಡುವ ಸಾಹುಕಾರನು ನೆರೆಯವನ ಮತವನ್ನು ವಿಚಾರಿಸಿ ಬಡ್ಡಿ ಎಣಿಸಬಹುದಾಗಿತ್ತು. ತತ್ವವುಳ್ಳವನಾದರೆ ಮೂವರಿಗೂ ಇನ್ನೂರಕ್ಕೇ ಕೈ ತಡೆಯಬೇಕಾಗಿತ್ತು. ಹಾಗೆ ತಡೆಯೆಂದು ಅವನಿಗೆ ಹೇಳುವ ಯಾವ ಕಲಮೂ ಆ ನಿಯಮದಲ್ಲಿ ಇದ್ದಿಲ್ಲ.