ರಾಗಕ್ಕೆ ತಲೆದೂಗಿದರೆ ಅದು ಶ್ರವಣಭಕ್ತಿಯೇ?



ಭಾಗವತದ ಏಳನೇ ಸ್ಕಂಧದಲ್ಲಿ ಪ್ರಹ್ಲಾದರಾಜರು ಹೇಳುವ ಒಂಬತ್ತು ಬಗೆಯ ಭಕ್ತಿಯಲ್ಲಿ ಶ್ರವಣವೇ ಮೊದಲನೆಯದು. ನನ್ನಂಥವರಿಗೆ ಇದು ದೊಡ್ಡ ಸಮಾಧಾನ. ಹಾಡಲು ಬರದಿದ್ದರೇನು, ಕೇಳಲು ಬರುತ್ತಲ್ಲ! ಆದರೆ ಕೇಳುವುದು ಅಂದರೆ ಏನನ್ನು?

ಸ್ಟಾಕ್‌ಹೋಮಿನಲ್ಲಿ ಡಿಸೆಂಬರ್ ಬಂತೆಂದರೆ ಮಧ್ಯಾಹ್ನ ಮೂರಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಆ ಕತ್ತಲಲ್ಲಿ ಲೋಕಲ್ ರೈಲಿನಲ್ಲಿ ಕೂತು ಭೀಮಸೇನ ಜೋಶಿಯವರ ದಾಸವಾಣಿ ಕೇಳುತ್ತೇನೆ. ರಾಗ ಯಾವುದು ಅಂತ ಕೇಳಿದರೆ ಹತ್ತರಲ್ಲಿ ಎರಡು ಸರಿ ಹೇಳಿಯೇನು, ಅಷ್ಟೇ ನನ್ನ ಜ್ಞಾನ. ಆದರೂ ಅವರು ತಾನ್ ಎಳೆದಾಗ ಮೈ ಜುಮ್ಮೆನ್ನುತ್ತೆ. ಆ ಗಳಿಗೆಯಲ್ಲಿ ಮನಸ್ಸಿನಲ್ಲಿ ವಿಠಲ ಇರುತ್ತಾನಾ? ಬಹಳ ಸಲ ಆ ಕಂಠವೊಂದೇ ಇರುತ್ತೆ.

ಇದು ಹೊಸ ಸಂಕಟವಲ್ಲ. ಸುಮಾರು 1600 ವರ್ಷಗಳ ಹಿಂದೆ ಕ್ರೈಸ್ತ ಸಂತ ಅಗಸ್ಟೀನ್ ತಮ್ಮ ಆತ್ಮಕಥನದ ಹತ್ತನೇ ಭಾಗದಲ್ಲಿ ಇದನ್ನೇ ತೋಡಿಕೊಂಡಿದ್ದಾರೆ. ಹಾಡಿನ ವಿಷಯಕ್ಕಿಂತ ಹಾಡಿದ ದನಿಯೇ ಹೆಚ್ಚು ಕಲಕಿದರೆ ಅದು ಪಾಪ ಅನ್ನುತ್ತಾರೆ. ಆದರೆ ಚರ್ಚಿನಲ್ಲಿ ಹಾಡು ಬೇಡ ಅನ್ನಲೂ ಅವರಿಗೆ ಮನಸ್ಸು ಬರುವುದಿಲ್ಲ. ಹೊಸದಾಗಿ ನಂಬಿಕೆಗೆ ಬಂದಾಗ ಹಾಡು ಕೇಳಿ ಸುರಿಸಿದ ಕಣ್ಣೀರು ನೆನಪಾಗುತ್ತೆ.

ಇಲ್ಲಿ ಈಸ್ಟರ್ ಹತ್ತಿರ ಬಂದಾಗ ಅನೇಕ ಚರ್ಚುಗಳಲ್ಲಿ ಬಾಖ್‌ನ ಪ್ಯಾಶನ್‌ಗಳನ್ನು ಹಾಡುತ್ತಾರೆ. ನನ್ನ ಸಹೋದ್ಯೋಗಿಯೊಬ್ಬರಿಗೆ ದೇವರಲ್ಲಿ ನಂಬಿಕೆ ಇಲ್ಲ, ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಆದರೆ ಪ್ರತಿವರ್ಷ ತಪ್ಪದೆ ಹೋಗುತ್ತಾರೆ. ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. 1727ರಲ್ಲಿ ಲೈಪ್‌ಜಿಗ್‌ನಲ್ಲಿ ಮೊದಲು ಹಾಡಿದ ಮ್ಯಾಥ್ಯೂ ಪ್ಯಾಶನ್, ಹತ್ತಿರಹತ್ತಿರ ಮೂರು ಗಂಟೆ, ಜರ್ಮನ್ ಸಾಹಿತ್ಯ. ನನಗೆ ಒಂದಕ್ಷರ ತಿಳಿಯಲಿಲ್ಲ, ಆದರೂ ಏಳಲು ಮನಸ್ಸಾಗಲಿಲ್ಲ. ಪಕ್ಕದಲ್ಲಿ ಆತ ಕಣ್ಣೊರೆಸಿಕೊಳ್ಳುತ್ತಿದ್ದರು. (ಬಾಖ್ ತನ್ನ ಅನೇಕ ಕೃತಿಗಳ ಕೊನೆಯಲ್ಲಿ, ಮಹಿಮೆಯೆಲ್ಲ ದೇವರೊಬ್ಬನದೇ ಎಂಬರ್ಥದ ಮೂರಕ್ಷರ ಬರೆದಿಡುತ್ತಿದ್ದನಂತೆ. ನಮ್ಮ ದಾಸರ ಅಂಕಿತ ನೆನಪಾಯಿತು.)

"ಗೊತ್ತಿಲ್ಲದೆಯೇ ಆತನೂ ಭಕ್ತನೇ ಬಿಡಿ" ಅಂತ ನಮ್ಮಲ್ಲಿ ಸಲೀಸಾಗಿ ಹೇಳಿಬಿಡುತ್ತೇವೆ. ನನಗದು ಒಪ್ಪಿಗೆಯಿಲ್ಲ. ನಂಬಿಕೆ ಇಲ್ಲ ಅಂದವರ ಮಾತಿಗೂ ಒಂದು ಮರ್ಯಾದೆ ಇದೆ. ಆದರೆ ಅವರ ಆ ಕಣ್ಣೀರಿಗೂ ನನ್ನ ರೈಲಿನ ರೋಮಾಂಚನಕ್ಕೂ ಏನು ವ್ಯತ್ಯಾಸ?

ತಾಳ, ವಾದ್ಯ ಎಲ್ಲ ಸರಿಯಿದ್ದೂ ಒಲವಿಲ್ಲದಿದ್ದರೆ ಆ ಹಾಡು ಭಗವಂತನಿಗೆ ಮುಟ್ಟದು ಎಂಬ ಅರ್ಥದ ಪದ ಪುರಂದರದಾಸರದ್ದಿದೆ. ಅದು ಹಾಡುವವನಿಗೆ ಹೇಳಿದ ಮಾತು. ಕೇಳುವವನಿಗೂ ಅದೇ ಲೆಕ್ಕವೇ?

ದಾಸರ ಬಹಳಷ್ಟು ಪದಗಳ ಮೂಲ ಧಾಟಿ ಇವತ್ತು ಉಳಿದಿಲ್ಲ. ಒಂದೇ ಪದವನ್ನು ಒಬ್ಬೊಬ್ಬರು ಒಂದೊಂದು ರಾಗದಲ್ಲಿ ಹಾಡುತ್ತಾರೆ. ರಾಗ ಬದಲಾದರೂ ಮಾತು ಉಳಿಯಿತು. ಹಾಗಾದರೆ ಮಾತೇ ಮುಖ್ಯ ಅನ್ನೋಣವೇ? ಮಾತಷ್ಟೇ ಸಾಕಾಗಿದ್ದರೆ ದಾಸರು ಗೆಜ್ಜೆ ಕಟ್ಟಿ, ತಂಬೂರಿ ಹಿಡಿದು ಬೀದಿಗೆ ಇಳಿಯಬೇಕಿರಲಿಲ್ಲ. ಸರಳೆ ವರಸೆ ಹಾಕಿಕೊಟ್ಟವರು ಪುರಂದರದಾಸರೇ ಅನ್ನುತ್ತದೆ ನಮ್ಮ ಸಂಗೀತ ಪರಂಪರೆ. ನಾದದ ಸುಖವನ್ನು ಅವರು ಪಾಪ ಅಂದುಕೊಂಡಿದ್ದರೆ ಆ ಮಾತು ಹುಟ್ಟುತ್ತಿತ್ತೇ? ಹಾಗಾಗಿ ಅಗಸ್ಟೀನರ ಭಯ ನನಗಿಲ್ಲ. ಆದರೆ ಸಂಸ್ಕೃತ ಬಲ್ಲವರೂ ಬೇಕೆಂದೇ ಕನ್ನಡದಲ್ಲಿ ಹಾಡಿದರು, ಮನೆಮನೆಗೂ ತಿಳಿಯಲಿ ಅಂತ. ಕನ್ನಡ ಬಲ್ಲ ನಾನು ದನಿಗೇ ನಿಂತುಬಿಟ್ಟರೆ ಎಲೆಯ ಮುಂದೆ ಕೂತು ಘಮ ಮಾತ್ರ ಸವಿದು ಎದ್ದ ಹಾಗೆ. ಈಗ ಒಂದು ಸಲ ಸಾಹಿತ್ಯ ಓದಿಕೊಂಡು ಕೇಳುತ್ತೇನೆ, ಆಮೇಲೆ ಕಣ್ಣುಮುಚ್ಚಿ. ಎರಡನೇ ಸಲದ ತಾನ್ ಬೇರೆಯೇ ಕೇಳಿಸುತ್ತೆ.

ನನಗಿಂತ ಕಷ್ಟ ಇಲ್ಲೇ ಹುಟ್ಟಿದ ಮಕ್ಕಳದು. ಧಾಟಿ ಬಾಯಿಗೆ ಬರುತ್ತೆ, ಪದ ದಾಟಿಹೋಗುತ್ತೆ. ಮೊನ್ನೆ ಮಗಳು ಹಾಡ್ತಾ ಹಾಡ್ತಾ ನಿಲ್ಲಿಸಿ, "ಅಪ್ಪಾ, ಕಾಯೋ ಅಂದ್ರೆ ದೇವರಿಗೆ ವೇಟ್ ಮಾಡು ಅಂತ ಹೇಳೋದಾ?" ಅಂದಳು. "ಇಲ್ಲ ಪುಟ್ಟಾ, ಕಾಪಾಡು ಅಂತ" ಅಂದೆ. ಮತ್ತೆ ಹಾಡಿದಾಗ ಆ ಪದದ ಮೇಲೆ ಒಂಚೂರು ಹೆಚ್ಚು ಹೊತ್ತು ನಿಂತಳು.

ಶ್ರೀ ಕೃಷ್ಣಾರ್ಪಣಮಸ್ತು.