ಸೋಲಲು ಸಮಯವಿರಲಿಲ್ಲ

ಜಪಾನಿನ ರಸ್ತೆಗಳಲ್ಲಿ ಹಳದಿ ನಂಬರ್ ಪ್ಲೇಟಿನ ಪುಟ್ಟ ಕಾರುಗಳು ಓಡಾಡುತ್ತವೆ. ಅಲ್ಲಿಯವರು ಅವನ್ನು ‘ಕೇ’ ಕಾರು ಎನ್ನುತ್ತಾರೆ. ಉದ್ದ 3.4 ಮೀಟರ್ ಮೀರಬಾರದು, ಎಂಜಿನ್ 660 ಸಿ.ಸಿ. ದಾಟಬಾರದು. ತೆರಿಗೆ ಕಡಿಮೆ, ಪೆಟ್ರೋಲ್ ಖರ್ಚೂ ಕಡಿಮೆ. ಮಕ್ಕಳೆಲ್ಲ ಪಟ್ಟಣ ಸೇರಿ, ಬಸ್ಸಿನ ಓಡಾಟವೂ ವಿರಳವಾದ ಹಳ್ಳಿಗಳಲ್ಲಿ ವಯಸ್ಸಾದವರು ಆಸ್ಪತ್ರೆಗೆ, ಅಂಗಡಿಗೆ ಹೋಗಿಬರುವುದು ಹೆಚ್ಚಾಗಿ ಇವುಗಳಲ್ಲೇ. ಇಂಥ ಕಾರುಗಳಿಗೆ ಹೆಸರಾದ ಕಂಪನಿ ಡೈಹತ್ಸು. 1907ರಲ್ಲಿ ಒಸಾಕಾದಲ್ಲಿ ಎಂಜಿನ್ ಮಾಡುವ ಕಂಪನಿಯಾಗಿ ಹುಟ್ಟಿದ್ದು. 2016ರಿಂದ ಪೂರ್ತಿಯಾಗಿ ಟೊಯೋಟದ ಒಡೆತನದಲ್ಲಿದೆ. ಒಳ್ಳೆಯ ವಸ್ತುವನ್ನು ಕಡಿಮೆ ಬೆಲೆಗೆ, ಬೇಗ ಕೊಡಬೇಕು ಎಂಬುದು ಅದರ ನಂಬಿಕೆ. ಬಡವರ, ವೃದ್ಧರ ಕೈಗೆಟುಕುವ ಕಾರು ಮಾಡುವ ಕಂಪನಿಗೆ ಇದಕ್ಕಿಂತ ಒಳ್ಳೆಯ ನಂಬಿಕೆ ಬೇಕೇ?

2011ರ ಸೆಪ್ಟೆಂಬರಿನಲ್ಲಿ ಆ ನಂಬಿಕೆಗೆ ದೊಡ್ಡ ಗೆಲುವು ಸಿಕ್ಕಿತು. ‘ಮಿರಾ ಈಸ್’ ಎಂಬ ಕಾರು ಬಂತು. ಹೈಬ್ರಿಡ್ ತಂತ್ರಜ್ಞಾನವಿಲ್ಲದೆ, ಜಪಾನಿನ ಅಂದಿನ ಸರ್ಕಾರಿ ಅಳತೆಯಲ್ಲಿ ಲೀಟರಿಗೆ 30 ಕಿ.ಮೀ. ಓಡುವ ಕಾರು. ಆರಂಭದ ಬೆಲೆ 7,95,000 ಯೆನ್. ಅದನ್ನು ರೂಪಿಸಲು ಹಿಡಿದದ್ದು ಕೇವಲ 17 ತಿಂಗಳು. ಮೂರು ತಿಂಗಳಲ್ಲೇ ಎದುರಾಳಿ ಸುಝುಕಿ 30.2 ಕಿ.ಮೀ. ಕೊಡುವ ಕಾರನ್ನು ಮಾರುಕಟ್ಟೆಗೆ ತಂದಿತು ಎಂದರೆ ಪೈಪೋಟಿ ಎಷ್ಟಿತ್ತು ಎಂದು ತಿಳಿಯುತ್ತದೆ. ಡೈಹತ್ಸುವಿನಲ್ಲಿ ಆ 17 ತಿಂಗಳು ಹೆಮ್ಮೆಯ ಮಾತಾಯಿತು. ಒಮ್ಮೆ ಪ್ರಾಣ ಕೊಟ್ಟು ಸಾಧಿಸಿದ್ದು ಮುಂದಿನ ಕಾರಿಗೆ ಅಳತೆಗೋಲಾಯಿತು, ಅದರ ಮುಂದಿನದಕ್ಕೆ ನಿಯಮವೇ ಆಯಿತು. ಕಡಿಮೆ ಅವಧಿಯಲ್ಲಿ ಕಾರು ರೂಪಿಸುವುದೇ ಕಂಪನಿಯ ಗುರುತು ಎಂದು ಎಲ್ಲರೂ ನಂಬಿದರು.

2023ರ ಏಪ್ರಿಲಿನಲ್ಲಿ, ಯಾರೋ ಒಬ್ಬರು ಕೊಟ್ಟ ದೂರಿನ ಬೆನ್ನು ಹಿಡಿದು, ಮೊದಲ ಸತ್ಯ ಹೊರಬಿತ್ತು. ಪಕ್ಕದಿಂದ ಡಿಕ್ಕಿ ಹೊಡೆಸುವ ಪರೀಕ್ಷೆಗೆ ಒಯ್ದ ಕಾರುಗಳಲ್ಲಿ, ಬಾಗಿಲ ಒಳಹೊದಿಕೆ ಒಡೆದಾಗ ಚೂಪಾಗದಂತೆ ಅದನ್ನು ಮೊದಲೇ ಕೊಯ್ದು ಇಡಲಾಗಿತ್ತು. ಮಾರಾಟಕ್ಕೆ ಹೋದ ಕಾರಿನಲ್ಲಿ ಆ ಕೊಯ್ತ ಇರಲಿಲ್ಲ. ಕಂಪನಿಯ ಹೊರಗಿನವರ ಸ್ವತಂತ್ರ ಸಮಿತಿಯೊಂದು ತನಿಖೆಗೆ ಕೂತಿತು. ಡಿಸೆಂಬರ್ 20ರಂದು ಅದರ ವರದಿ ಬಂದಾಗ ಜಪಾನ್ ಬೆಚ್ಚಿತು. ಹೊಸದಾಗಿ 174 ಅಕ್ರಮಗಳು ಪತ್ತೆಯಾಗಿದ್ದವು. ಹಿಂದಿನದ್ದನ್ನೂ ಸೇರಿಸಿದರೆ 64 ಮಾದರಿಯ ಕಾರುಗಳು ಇದರೊಳಗೆ ಸಿಕ್ಕಿಕೊಂಡವು. ಅತ್ಯಂತ ಹಳೆಯದು 1989ರದ್ದು. ಆದರೆ ಹೆಚ್ಚಿದ್ದು 2014ರಿಂದ ಈಚೆಗೆ, ಅಂದರೆ ಆ ದೊಡ್ಡ ಗೆಲುವಿನ ನಂತರದ ವರ್ಷಗಳಲ್ಲಿ. ಡಿಕ್ಕಿಯಾದಾಗ ಏರ್‌ಬ್ಯಾಗನ್ನು ಕಾರಿನ ಕಂಪ್ಯೂಟರೇ ಅರಿತು ತೆರೆಯಬೇಕು. ಕೆಲವು ಪರೀಕ್ಷೆಗಳಲ್ಲಿ ಅದನ್ನು ಟೈಮರ್ ಇಟ್ಟು ತೆರೆಸಿದ್ದರು. ತಲೆಯಾನಿಸುವ ಭಾಗದ ಪರೀಕ್ಷೆಯಲ್ಲಿ ಒಂದು ಬದಿಯ ಸೀಟಿನ ಅಂಕಿಯನ್ನೇ ಇನ್ನೊಂದು ಬದಿಯದೆಂದು ಬರೆದಿದ್ದರು. ತಿಂಗಳು ಮುಗಿಯುವಷ್ಟರಲ್ಲಿ ಜಪಾನಿನಲ್ಲಿರುವ ಡೈಹತ್ಸುವಿನ ಎಲ್ಲ ಕಾರ್ಖಾನೆಗಳೂ ನಿಂತವು.

ಈ ಪ್ರಕರಣ ಬರಿಯ ಮೋಸದ ಕಥೆಯಾಗಿದ್ದರೆ ಇಷ್ಟು ಕಾಡುತ್ತಿರಲಿಲ್ಲ. ಮುಂದೆ ಸರ್ಕಾರವೇ ಒಂದೊಂದು ಮಾದರಿಯನ್ನೂ ಮತ್ತೆ ಪರೀಕ್ಷಿಸಿದಾಗ ಬಹುತೇಕ ಕಾರುಗಳು ಸುರಕ್ಷತೆಯ ನಿಯಮಗಳನ್ನು ಪಾಲಿಸಿದ್ದವು. ಕಾರ್ಖಾನೆಗಳು ಫೆಬ್ರವರಿಯಿಂದ ಹಂತಹಂತವಾಗಿ ಮತ್ತೆ ಶುರುವಾದವು. ಎಂದರೆ, ಸರಿಯಾಗಿ ಪರೀಕ್ಷಿಸಿದ್ದರೂ ಆ ಕಾರುಗಳಲ್ಲಿ ಹೆಚ್ಚಿನವು ಪಾಸಾಗುತ್ತಿದ್ದವು! ಹಾಗಿದ್ದ ಮೇಲೆ ಸುಳ್ಳು ಬರೆದದ್ದೇಕೆ? ಒಮ್ಮೆ ಫೇಲಾದರೆ ಮತ್ತೆ ನೋಡೋಣ ಎನ್ನುವಷ್ಟು ಸಮಯ ಅವರಿಗಿರಲಿಲ್ಲ. ಮಾರುಕಟ್ಟೆಗೆ ಬಿಡುವ ದಿನ ಮೊದಲೇ ನಿಗದಿ; ಅದು ಅಲುಗಾಡುವಂತಿಲ್ಲ. ವಿನ್ಯಾಸದವರು ತಡಮಾಡಿದರೆ, ಬಿಡಿಭಾಗ ತಡವಾಗಿ ಬಂದರೆ, ಆ ದಿನಗಳೆಲ್ಲ ಕಡಿತವಾಗುವುದು ಸಾಲಿನ ಕೊನೆಯಲ್ಲಿ ನಿಂತ ಪರೀಕ್ಷೆಯವರ ಪಾಲಿನಿಂದ. ಖರ್ಚು ಉಳಿಸಲೆಂದು ಪರೀಕ್ಷೆಗೆ ಕೊಡುವ ಕಾರುಗಳ ಸಂಖ್ಯೆಯನ್ನೂ ಇಳಿಸಿದ್ದರು, ಆ ವಿಭಾಗದ ಜನರನ್ನೂ ಕಡಿಮೆ ಮಾಡಿದ್ದರು. ಗುದ್ದಿಸಿ ನುಜ್ಜುಗುಜ್ಜಾದ ಕಾರನ್ನು ಇನ್ನೊಮ್ಮೆ ಗುದ್ದಿಸಲಾಗದು. ಇರುವುದೊಂದೇ ಅವಕಾಶ, ಅದರಲ್ಲಿ ಪಾಸಾಗಲೇಬೇಕು.

ಅತಿಯಾದರೆ ಅಮೃತವೂ ವಿಷ ಎಂದು ಹೇಳಿ ಇದನ್ನು ಮುಗಿಸಿಬಿಡಬಹುದು. ನನಗೆ ಆ ಮಾತು ಸಾಲದು ಎನಿಸುತ್ತದೆ. ಡೈಹತ್ಸುವಿನಲ್ಲಿ ಬೇಗ ಮಾಡಬೇಕೆಂಬ ಹಂಬಲ ಹೆಚ್ಚಾಯಿತು ನಿಜ. ಆದರೆ ಅದಕ್ಕಿಂತ ದೊಡ್ಡ ಅನಾಹುತವೆಂದರೆ, ಆ ಹಂಬಲ ಜನರನ್ನು ಅಳೆಯುವ ಕೋಲಾದದ್ದು. ಇನ್ನೆರಡು ವಾರ ಕೊಡಿ ಎಂದು ಕೇಳಿದವನು ಕಾರಿನ ಬಗ್ಗೆ ಮಾತಾಡುತ್ತಿದ್ದಾನೆ ಎಂದು ಯಾರೂ ತಿಳಿಯುವುದಿಲ್ಲ. ನಮ್ಮ ದಾರಿಯ ಮೇಲೆ ಇವನಿಗೆ ನಂಬಿಕೆಯಿಲ್ಲ ಎಂದು ತಿಳಿಯುತ್ತಾರೆ. ಮೇಲಿನವರಿಗೆ ಹೇಳಿ ಪ್ರಯೋಜನವಿಲ್ಲ ಎಂದು ಕೆಳಗಿನವರಿಗೆ ಅನಿಸಿತ್ತು ಎಂಬುದು ಆ ವರದಿಯಲ್ಲೇ ಇದೆ. ತಪ್ಪು ಮಾಡಿದ ಕೈಗಳು ಕೆಳಗಿನವರದ್ದಾದರೂ ಹೊಣೆ ಹೊರಬೇಕಾದದ್ದು ಆಡಳಿತ ಎಂದೂ ಸಮಿತಿ ಸ್ಪಷ್ಟವಾಗಿ ಹೇಳಿತು. ಆ ಮಾತಿಗೆ ನಾನು ತಲೆಬಾಗುತ್ತೇನೆ. ಇಂಥ ಪ್ರಕರಣಗಳಲ್ಲಿ ಸಹಿ ಹಾಕಿದ ಗುಮಾಸ್ತನನ್ನು ಮನೆಗೆ ಕಳಿಸಿ ಕೈತೊಳೆದುಕೊಳ್ಳುವುದೇ ರೂಢಿ.

ಇನ್ನೊಂದು ಸಂಗತಿ ಮನಸ್ಸಿನಿಂದ ಹೋಗುವುದಿಲ್ಲ. ಟೊಯೋಟದ ಹಲವು ಜೋಡಣಾ ಸಾಲುಗಳಲ್ಲಿ ಒಂದು ಹಗ್ಗ ಇಳಿಬಿಟ್ಟಿರುತ್ತಾರೆ. ದೋಷ ಕಂಡ ಯಾವ ಕಾರ್ಮಿಕನಾದರೂ ಅದನ್ನು ಎಳೆಯಬಹುದು. ಸಮಸ್ಯೆ ಬಗೆಹರಿಯದಿದ್ದರೆ ಸಾಲೇ ನಿಲ್ಲುತ್ತದೆ. ಜಗತ್ತಿನ ಮ್ಯಾನೇಜ್‌ಮೆಂಟ್ ಶಾಲೆಗಳೆಲ್ಲ ಆ ಹಗ್ಗದ ಪಾಠ ಹೇಳುತ್ತವೆ. ಅದೇ ಬಳಗದ ಈ ಕಂಪನಿಯಲ್ಲಿ, ಕಾರು ರೂಪಿಸುವ ವೇಳಾಪಟ್ಟಿಗೆ ಅಂಥದ್ದೊಂದು ಹಗ್ಗ ಇರಲಿಲ್ಲ. ಬೋಲ್ಟು ಬಿಗಿಯುವವನಿಗೆ ಕೊಟ್ಟ ಹಕ್ಕು ಪರೀಕ್ಷೆ ನಡೆಸುವ ಎಂಜಿನಿಯರಿಗೆ ಸಿಗಲಿಲ್ಲ.

ಅಮೆರಿಕದ ಊಬರ್‌ನಲ್ಲಿ ಆದದ್ದು ಬೇರೆ ಬಗೆಯದು, ಆದರೂ ದೂರದ್ದಲ್ಲ. ಅದರ 14 ಮೌಲ್ಯಗಳಲ್ಲಿ ಒಂದು, ಅಗತ್ಯವಿದ್ದರೆ ಇನ್ನೊಬ್ಬರ ಕಾಲು ತುಳಿದಾದರೂ ಮುಂದೆ ಬನ್ನಿ ಎನ್ನುವ ಅರ್ಥದ್ದು. ಕಿರಿಯರು ಹಿರಿಯರ ಮುಂದೆ ಅಂಜದೆ ಮಾತಾಡಲಿ ಎಂಬುದು ಅದರ ಉದ್ದೇಶವಾಗಿತ್ತು. 2017ರ ನವೆಂಬರಿನಲ್ಲಿ ಹೊಸ ಮುಖ್ಯಸ್ಥ ದಾರಾ ಖುಸ್ರೋಶಾಹಿ ಅದನ್ನು ಪಟ್ಟಿಯಿಂದ ತೆಗೆದರು. ಬಾಯಿಲ್ಲದವರಿಗೆ ಬಾಯಿ ಕೊಡಲು ಬರೆದ ಮಾತು ಒರಟುತನಕ್ಕೆ ನೆಪವಾಗಿದೆ ಎಂಬುದು ಅವರು ಕೊಟ್ಟ ಕಾರಣದ ಸಾರ.

ಬೆಂಗಳೂರಿನ ಕಚೇರಿಗಳ ಗೋಡೆಗಳ ಮೇಲೂ ಇಂಥ ಮಾತುಗಳು ದೊಡ್ಡ ಅಕ್ಷರಗಳಲ್ಲಿವೆ. ನಾವೆಲ್ಲ ಒಂದೇ ಕುಟುಂಬ. ಗ್ರಾಹಕನೇ ಮೊದಲು. ಕೆಲಸವನ್ನು ನಿಮ್ಮದೆಂದು ತಿಳಿಯಿರಿ. ಇವನ್ನು ಬರೆಸಿದವರು ಸುಳ್ಳರೇನಲ್ಲ. ಹಲವರು ಮನಸಾರೆ ನಂಬಿಯೇ ಬರೆಸಿರುತ್ತಾರೆ. ನಾನು ನೋಡುವುದು ಆ ಮಾತು ಯಾರ ಬಾಯಿಂದ ಯಾರ ಕಡೆಗೆ ಬರುತ್ತದೆ ಎಂಬುದನ್ನು. ಶನಿವಾರವೂ ಬನ್ನಿ ಎನ್ನುವಾಗ ಮ್ಯಾನೇಜರ್ ಕುಟುಂಬದ ಮಾತಾಡುತ್ತಾರೆ. ಊರಲ್ಲಿ ಅಪ್ಪನನ್ನು ಐಸಿಯುಗೆ ಸೇರಿಸಿದ್ದಾರೆ, ಹತ್ತು ದಿನ ರಜೆ ಬೇಕು ಎನ್ನುವ ಹುಡುಗಿ ಅದೇ ಮಾತನ್ನು ಅವರಿಗೆ ತಿರುಗಿ ಹೇಳಬಲ್ಲಳೇ? ರಾತ್ರಿ ಹನ್ನೊಂದಕ್ಕೆ ಅಮೆರಿಕದ ಕಾಲ್‌ನಲ್ಲಿ ಕೂತವನು, ಈ ಗಡುವಿಗೆ ಒಪ್ಪಿಕೊಂಡರೆ ಗ್ರಾಹಕನಿಗೇ ಕೆಟ್ಟ ಸಾಫ್ಟ್‌ವೇರ್ ಸಿಗುತ್ತದೆ, ಬೇಡ ಸಾರ್ ಎಂದು ಗ್ರಾಹಕನ ಹೆಸರಿನಲ್ಲೇ ವಾದಿಸಬಲ್ಲನೇ? ಹೇಳಬಲ್ಲರಾದರೆ ಆ ಮೌಲ್ಯ ಇನ್ನೂ ಜೀವಂತವಾಗಿದೆ. ಮೇಲಿನಿಂದ ಕೆಳಕ್ಕೆ ಮಾತ್ರ ಇಳಿಯುವ ಮಾತನ್ನು ಕೆಲಸದವರು ಆಜ್ಞೆಯೆಂದೇ ಕೇಳಿಸಿಕೊಳ್ಳುತ್ತಾರೆ. ಆಜ್ಞೆಗೆ ಜನ ಉತ್ತರ ಕೊಡುವುದಿಲ್ಲ. ಹೇಗೋ ನಿಭಾಯಿಸುತ್ತಾರೆ. ಟೈಮರ್ ಇಟ್ಟವರು ಮಾಡಿದ್ದೂ ಅದನ್ನೇ.

2024ರ ಫೆಬ್ರವರಿಯಲ್ಲಿ ಡೈಹತ್ಸು ತನ್ನ ಸುಧಾರಣೆಯ ಯೋಜನೆಯನ್ನು ಸರ್ಕಾರಕ್ಕೆ ಒಪ್ಪಿಸಿತು. ಮಾರ್ಚ್ 1ರಂದು ಅಧ್ಯಕ್ಷರು ಬದಲಾದರು. ಹೊಸ ಕಾರು ರೂಪಿಸುವ ಅವಧಿಯನ್ನು ಮೊದಲಿನ ಸುಮಾರು 1.4 ಪಟ್ಟು ಮಾಡುವುದಾಗಿ, ಪರೀಕ್ಷಾ ವಿಭಾಗಕ್ಕೆ ಇನ್ನಷ್ಟು ಜನರನ್ನು ಕೊಡುವುದಾಗಿ ಕಂಪನಿ ಹೇಳಿತು. ಆ ಯೋಜನೆಯಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು ಈ 1.4. ಅದು ಕೆಲಸದವರಿಗೆ ಕೊಟ್ಟ ದಿನಗಳ ಲೆಕ್ಕ. ಎದುರಾಳಿಯ ಕಾರು ಲೀಟರಿಗೆ ಇನ್ನೊಂದಿಷ್ಟು ಹೆಚ್ಚು ಓಡಿದ ದಿನ ಆ ದಿನಗಳು ಉಳಿಯುತ್ತವೆಯೇ ಎಂಬುದು ಅಧ್ಯಕ್ಷರ ಭಾಷಣದಲ್ಲಿ ತೀರ್ಮಾನವಾಗುವುದಿಲ್ಲ. ಪರೀಕ್ಷೆಯವನು ಬಂದು ಈ ಕಾರು ಇನ್ನೂ ಸಿದ್ಧವಿಲ್ಲ ಎಂದಾಗ, ಅವನ ಮೇಲಿನ ಸೆಕ್ಷನ್ ಮುಖ್ಯಸ್ಥ ಏನೆನ್ನುತ್ತಾನೆ ಎಂಬುದರಲ್ಲಿ ತೀರ್ಮಾನವಾಗುತ್ತದೆ.